ಆಟಿ ಹದಿನೆಂಟರ ಮರುದಿನ

ಅವನ ಚಪ್ಪಲಿಯ ಮೇಲೇ ವಾಂತಿ ಮಾಡಿಬಿಟ್ಟಳು!

ಪ್ರೇಮಕಥೆ ಎಂದರೆ ಹೂವು, ಕಣ್ಣೋಟ, ತಂಗಾಳಿ ಎಂದು ಕಾದು ಕೂತವರು ಬೇಕಾದರೆ ಇಲ್ಲಿಗೇ ಎದ್ದು ಹೋಗಬಹುದು. ಮೋಕ್ಷಿತಾ ಮತ್ತು ದಿಗಂತ್ ಮೊದಲ ಸಲ ಮುಖಾಮುಖಿಯಾದದ್ದು ಹೀಗೆಯೇ. ಅದನ್ನು ಪನ್ನೀರು ಹಾಕಿ ತೊಳೆದು ಹೇಳುವುದು ಸುಳ್ಳಾಗುತ್ತದೆ.

ಮೂರ್ನಾಡಿನ ಹತ್ತಿರ ಅವಳ ಮನೆ. ಒಳಕೋಣೆಯಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜ ಬೊಳ್ಳಪ್ಪ. ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಗಿತ್ತು. ಡ್ರೆಸ್ಸಿಂಗ್ ಮಾಡಲು ಮಡಿಕೇರಿಯ ಆಸ್ಪತ್ರೆಯೊಂದರಿಂದ ಬಂದ ನರ್ಸ್ ದಿಗಂತ್ ಹಳೆಯ ಹತ್ತಿಯನ್ನು ಬಿಡಿಸಿದ್ದೇ ತಡ, ಆ ವಾಸನೆ ಎದ್ದು ಬಂತು. ಕೊಳೆತ ಮಾಂಸ, ಅದರ ಮೇಲೆ ಸ್ಪಿರಿಟ್, ಅದರ ಕೆಳಗೆ ಸಿಹಿಸಿಹಿಯಾದ ಇನ್ನೇನೋ...

ಮೋಕ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಮೆಟ್ಟಿಲು ದಾಟುವವರೆಗೂ ತಡೆಯಲಾಗಲಿಲ್ಲ. ಹೊಸ್ತಿಲಾಚೆ ಜೋಡಿಸಿಟ್ಟಿದ್ದ ಚಪ್ಪಲಿಗಳ ಮೇಲೆ ಬೆಳಗಿನ ಅಕ್ಕಿರೊಟ್ಟಿ ಪೂರ್ತಿ ಬಿತ್ತು.

ಕೆಲಸ ಮುಗಿಸಿ ಬರಿಗಾಲಲ್ಲಿ ಹೊರಗೆ ಬಂದ ದಿಗಂತ್ ಒಂದು ಕ್ಷಣ ಕೆಳಗೆ ನೋಡಿದ.

"ಹೊಸದು," ಅಂದ.

"ಸಾರಿ... ತೊಳ್ದು ಕೊಡ್ತೇನೆ."

"ಬೇಡ ಮಾರಾಯ್ರೆ. ನೀವು ತೊಳೀಲಿಕ್ಕೆ ಹೋದ್ರೆ ಇನ್ನೊಂದು ರೌಂಡ್ ಆಗ್ತದೆ. ನಂಗಿದು ದಿನದ ಕೆಲಸ."

ಅವನೇ ನಲ್ಲಿ ತಿರುಗಿಸಿ ಚಪ್ಪಲಿ ತೊಳೆದ. ಆಮೇಲೆ ಲೋಟದಲ್ಲಿ ನೀರು ತಂದು ಅವಳ ಮುಂದೆ ಹಿಡಿದ. ಅವನ ಬೆರಳಿನ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು. ಮೋಕ್ಷಿತಾ ಥಟ್ಟನೆ ಮುಖ ಆಚೆ ತಿರುಗಿಸಿದಳು.

ದಿಗಂತ್ ಲೋಟವನ್ನು ಕಟ್ಟೆಯ ಮೇಲಿಟ್ಟು ಬೈಕ್ ಹತ್ತಿದ.

'ಛೀ, ನಾನೆಂಥ ಹೆಂಗಸು!' ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಾಗೆ ನೋಡಿದರೆ ತಪ್ಪು ಅವಳದಲ್ಲ, ಅವಳ ಮೂಗಿನದು. ಬಿ.ಎಸ್ಸಿ. ಮುಗಿಸಿ, ಅಮ್ಮತ್ತಿ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವಳು ರುಚಿ ನೋಡುವ ಕೆಲಸದಲ್ಲಿದ್ದಳು. ಎಸ್ಟೇಟ್‌ಗಳಿಂದ ಬಂದ ಬೀಜವನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಲ್ಲಿ ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ ಉಗುಳುವುದು. ಬೆಳಗಿಂದ ಸಂಜೆಯವರೆಗೆ ಹೀರು, ಉಗುಳು. ಇಡೀ ಮೂಟೆಯಲ್ಲಿ ಹುಳಿತು ನಾರುವ ಬೀಜ ಒಂದೆರಡಿದ್ದರೂ ಹಿಡಿದುಬಿಡುವ ಮೂಗು. ಸಂಬಳ ಚೆನ್ನಾಗಿತ್ತು, ಎಸಿ ಕೋಣೆ, ಬಿಳಿ ಕೋಟು. ಅಂಥ ಮೂಗಿಗೆ ಅಜ್ಜನ ಕೋಣೆ ನರಕ.

ದಿಗಂತ್ ವಾರಕ್ಕೆರಡು ಸಲ ಬರತೊಡಗಿದ. ಭಾಗಮಂಡಲದ ಕಡೆಯವನು, ಇವರ ಹಾಗೆಯೇ ಅರೆಭಾಷೆ ಮಾತಾಡುವ ಗೌಡರ ಹುಡುಗ. ಗಂಡು ನರ್ಸ್‌ಗಳನ್ನು ಆಸ್ಪತ್ರೆಯಲ್ಲಿ ಎಲ್ಲರೂ 'ಬ್ರದರ್' ಅನ್ನುತ್ತಾರಲ್ಲ, ಮೋಕ್ಷಿತಾಳ ಅವ್ವ ಯಮುನಳಿಗೂ ಅದೇ ಬಾಯಿಗೆ ಹತ್ತಿತು.

"ಬ್ರದರ್, ಕಾಫಿ ಕುಡ್ದು ಹೋಗಿ."

"ಬ್ರದರ್ ಬಂದ್ರು ನೋಡು ಮೋಕ್ಷಿ, ಬಿಸಿನೀರು ಕೊಡು."

'ಬ್ರದರ್ ಅಂತೆ! ಇಂಥ ಕಣ್ಣಿನವನನ್ನ ನಾನು ಬ್ರದರ್ ಅನ್ಬೇಕಾ? ಸಾಧ್ಯವೇ ಇಲ್ಲ...' ಮೋಕ್ಷಿತಾ ಅವನನ್ನು ಏನೆಂದೂ ಕರೆಯದೆ "ಇಕೊಳ್ಳಿ", "ಕೇಳಿ" ಎನ್ನುತ್ತಲೇ ದಿನ ದೂಡಿದಳು.

ಒಂದು ಭಾನುವಾರ ದಮಯಂತಿ ಅತ್ತೆ ವಿರಾಜಪೇಟೆಯಿಂದ ಬಂದಳು. ಬೊಳ್ಳಪ್ಪಜ್ಜನ ಸ್ವಂತ ಮಗಳು. ಅಪ್ಪನ ಕೋಣೆಯ ಹೊಸ್ತಿಲು ದಾಟಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲಿಂದಲೇ, "ಹೆಂಗುಂಟು ಅಪ್ಪಾ?" ಎಂದು ಕೂಗಿ, ಉತ್ತರ ಬರುವ ಮೊದಲೇ ಅಡುಗೆಮನೆ ಸೇರಿದಳು. ಅಲ್ಲಿ ಹಂದಿಮಾಂಸದ ಸಾರನ್ನು ಮೂಳೆ ಚೀಪಿ ಚೀಪಿ ತಿಂದಳು. ತುಟಿಯ ಮೇಲೆ ಕೊಬ್ಬು ಹೊಳೆಯುತ್ತಿರುವಾಗಲೇ, "ಯಮುನತ್ತಿಗೆ, ಮನೆ ಪೂರಾ ನಾರ್ತದೆ ಮಾರಾಯ್ತಿ! ಮೋಕ್ಷಿಯನ್ನ ನೋಡ್ಲಿಕ್ಕೆ ಯಾರಾದ್ರೂ ಬಂದ್ರೆ ಓಡಿ ಹೋದಾರು!" ಅಂದಳು.

ಗೋಡೆಯಾಚೆ ಎಲ್ಲ ಕೇಳಿಸುತ್ತಿತ್ತು. ಅಜ್ಜ ಮೆಲ್ಲಗೆ ಕೇಳಿದ:

"ನಾ ಅಷ್ಟು ನಾರ್ತೇನಾ ಮಗಳೇ?"

ಮೋಕ್ಷಿತಾ ಉಸಿರು ಬಿಗಿ ಹಿಡಿದೇ ಅಜ್ಜನ ಪಕ್ಕ ನಿಂತಿದ್ದಳು. ಅಂದರೆ ಅವಳೂ ಅತ್ತೆಯೂ ಒಂದೇ! ಅವಳದು ಸೆರಗಿಲ್ಲದ ಸೆರಗು, ಅಷ್ಟೇ ವ್ಯತ್ಯಾಸ. ಆ ಹೊತ್ತಿಗೆ ಹುಟ್ಟಿದ ಅಸಹ್ಯವಿದೆಯಲ್ಲ, ಹುಣ್ಣಿನ ವಾಸನೆ ಅದರ ಮುಂದೆ ಏನೂ ಅಲ್ಲ.

ಅವಳು ಬಿಗಿ ಹಿಡಿದ ಉಸಿರನ್ನು ಬಿಟ್ಟು, ಪೂರ್ತಿ ಒಳಗೆಳೆದುಕೊಂಡಳು. ಕಣ್ಣಲ್ಲಿ ನೀರು ಬಂತು.

"ನಾರ್ತದೆ ಅಜ್ಜ. ತಡಿ, ಒರೆಸ್ತೇನೆ."

ಅಂದು ಮೊದಲ ಸಲ ಅವಳೇ ಮೈ ಒರೆಸಿ, ಬಟ್ಟೆ ಬದಲಿಸಿ, ಪೈಪಿನ ತುದಿಯ ಉಚ್ಚೆ ಚೀಲ ಖಾಲಿ ಮಾಡಿದಳು. ನಡುವೆ ಹೊರಗೆ ಹೋಗಿ ಕಾರಿ ಬಂದಳು. ಮತ್ತೆ ಒಳಗೆ ಬಂದಳು. ಎಲ್ಲ ಮುಗಿದಾಗ ಅಜ್ಜ ಮಗುವಿನ ಹಾಗೆ ನಿದ್ದೆಹೋದ. ಆ ಮುಖ ನೋಡುತ್ತ ಅವಳಿಗೆ ಅನಿಸಿತು... 'ಇಷ್ಟು ವರ್ಷ ಹೀರಿ ಉಗುಳಿದೆನಲ್ಲ, ಅದರಿಂದ ಯಾರಾದ್ರೂ ಒಬ್ಬರು ಹೀಗೆ ನೆಮ್ಮದಿಯಾಗಿ ಮಲಗಿದ್ರಾ?'

ಆ ಯೋಚನೆ ಬಿಡಲೇ ಇಲ್ಲ. ತಿಂಗಳೊಳಗೆ ಅವಳು ನರ್ಸಿಂಗ್ ಕಾಲೇಜೊಂದರ ಆಫೀಸಿನಲ್ಲಿ ಕೂತಿದ್ದಳು. ಇಪ್ಪತ್ತೇಳು ವಯಸ್ಸು, ಸುತ್ತ ಎಲ್ಲ ಪಿಯುಸಿ ಮುಗಿಸಿದ ಮಕ್ಕಳು.

"ಸರ್, ನಂದು ಬಿ.ಎಸ್ಸಿ. ಆಗಿದೆ. ಫಸ್ಟ್ ಕ್ಲಾಸ್. ಅದಕ್ಕೇನಾದ್ರೂ ಒಂದು ವರ್ಷ ಕಡಿಮೆ..."

ಗುಮಾಸ್ತ ನಕ್ಕ. "ಡಿಗ್ರಿಗೆ ಇಲ್ಲಿ ಬೆಲೆ ಇಲ್ಲಮ್ಮ. ಪಿಯುಸಿ ಮಾರ್ಕ್ಸ್ ಕಾರ್ಡ್ ತನ್ನಿ. ಬಿ.ಎಸ್ಸಿ. ನರ್ಸಿಂಗ್ ಆದ್ರೆ ನಾಲ್ಕು ವರ್ಷ, ಸಿಇಟಿ ಬರೀಬೇಕು, ಈ ವರ್ಷದ್ದು ಮುಗ್ದಿದೆ. ಜಿಎನ್ಎಂ ಡಿಪ್ಲೊಮಾ ಮೂರು ವರ್ಷ, ಈಗ್ಲೂ ಸೇರ್ಬಹುದು. ಎರಡಕ್ಕೂ ಮೊದಲನೇ ವರ್ಷದಿಂದ್ಲೇ ಕೂರ್ಬೇಕು."

ಹೊರಗೆ ಬರುವಷ್ಟರಲ್ಲಿ ಗೇಟಿನ ಬಳಿ ಒಬ್ಬ ಏಜೆಂಟ್ ಗಂಟುಬಿದ್ದ. ಬಾಯಿ ತುಂಬ ಗುಟ್ಕಾ.

"ಮೇಡಂ, ಕ್ಲಾಸಿಗೆಲ್ಲ ಯಾಕೆ ಬರ್ತೀರಿ? ಬೇರೆ ಕಾಲೇಜುಂಟು. ಮನೇಲಿ ಆರಾಮಾಗಿರಿ. ಪರೀಕ್ಷೆಗೆ ಬಂದ್ರೆ ಸಾಕು, ಸರ್ಟಿಫಿಕೇಟ್ ನಮ್ಮ ಜವಾಬ್ದಾರಿ."

"ರೋಗಿ ಮೈ ಮುಟ್ಟದೇ ನರ್ಸ್ ಆಗೋದಾ?"

"ಮುಟ್ಟೋದೆಲ್ಲ ಯಾರಿಗೆ ಬೇಕು ಮೇಡಂ? ಗಲೀಜು!" ಎಂದು ಹೇಳಿ ಅವಳ ಕಾಲ ಬಳಿಯೇ ಪಿಚಕ್ಕನೆ ಉಗುಳಿದ.

ಮೋಕ್ಷಿತಾ ಕಾಲು ಹಿಂದೆಳೆದುಕೊಂಡಳು. ಇಂಥವನ ಕೈಯಿಂದ ಸರ್ಟಿಫಿಕೇಟ್ ಪಡೆದವಳು ನಾಳೆ ಯಾರದೋ ಅಜ್ಜನಿಗೆ ಸೂಜಿ ಚುಚ್ಚುತ್ತಾಳೆ!

ನಾಲ್ಕು ವರ್ಷವೋ, ಮೂರು ವರ್ಷವೋ? ಒಳ್ಳೆಯ ಕೆಲಸ ಬಿಟ್ಟು ಹೋಗುವುದು ಹುಚ್ಚೋ? ಇದನ್ನು ಕೇಳಲು ಅವಳಿಗೆ ಗೊತ್ತಿದ್ದವನು ಒಬ್ಬನೇ. 'ಅವನು ಬರಲಿ, ಕೇಳ್ತೇನೆ' ಎಂದುಕೊಂಡಳು. ಅವನು ಬರುವ ದಿನ ಎಣಿಸುವಾಗ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರಲ್ಲೂ ಕೇಳುವ ಹಾಗಿರಲಿಲ್ಲ.

ಅವನು ಬಂದದ್ದು ಆಟಿ ಹದಿನೆಂಟರಂದು.

ಕೊಡಗಿನವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಆಷಾಢದ ಸುಮಾರಿಗೆ ಬರುವ ಆಟಿ ತಿಂಗಳ ಹದಿನೆಂಟನೆಯ ದಿನ ನಮ್ಮಲ್ಲಿ ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ, ಪಾಯಸವೂ ನೇರಳೆ, ಮನೆ ತುಂಬ ಅದರದೇ ಒಂದು ಘಮಲು. ಅಂದು ಆ ಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಇರುತ್ತದೆಂದು ನಂಬಿಕೆ. ತಿಂದವರಿಗೆಲ್ಲ ಮರುದಿನ ಉಚ್ಚೆ ಕೆಂಪಾಗುತ್ತದೆ. "ನಿಂದು ಎಷ್ಟು ಕೆಂಪು?" ಎಂದು ಕೇಳಿ ನಗುವುದೂ ಹಬ್ಬದ ಒಂದು ಭಾಗವೇ!

ಅಜ್ಜ ಎರಡು ಬಟ್ಟಲು ತಿಂದ. ದಮಯಂತಿ ಅತ್ತೆಯೂ ಪಾಯಸಕ್ಕೆಂದೇ ಬಂದಿದ್ದಳು. ಡ್ರೆಸ್ಸಿಂಗ್ ಮುಗಿಸಿ ಹೊರಟ ದಿಗಂತ್‌ನನ್ನು ಅವ್ವ ಬಿಡಲಿಲ್ಲ.

"ಹಬ್ಬದ ದಿನ ಹಾಗೇ ಹೋಗ್ಬಾರ್ದು ಬ್ರದರ್. ಕೂತ್ಕೊಳ್ಳಿ."

ಎಲ್ಲರಿಗೂ ಸ್ಟೀಲ್ ಬಟ್ಟಲಲ್ಲಿ ಪಾಯಸ ಬಂತು. ಅವನಿಗೆ ಬಡಿಸಲು ಹೋದವಳು ಅತ್ತೆ. ಎಲ್ಲಿಂದಲೋ ಒಂದು ಕಾಗದದ ಲೋಟ ಹುಡುಕಿ, ಅದರಲ್ಲಿ ಪಾಯಸ ಸುರಿದು, ಕೈಗೆ ಕೊಡದೆ ಜಗಲಿಯ ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಅದನ್ನು ಕಂಡ ಮೋಕ್ಷಿತಾಳ ಮುಖ ಅಸಹ್ಯದಿಂದ ಕಿವುಚಿಹೋಯಿತು. 'ಎಂಥ ಕೊಳಕು ಮನಸ್ಸು! ತನ್ನಪ್ಪನ ಕೀವು ಒರೆಸಿದ ಕೈಗೆ ಒಂದು ಬಟ್ಟಲು ಕೊಡೋಕಾಗಲ್ವಾ ಇವಳಿಗೆ?'

ದಿಗಂತ್ ತಲೆ ಎತ್ತಿದ್ದು ಸರಿಯಾಗಿ ಆಗಲೇ. ಅವನಿಗೆ ಕಂಡದ್ದು ಅತ್ತೆಯ ಬೆರಳಲ್ಲ... ತನ್ನ ಕಡೆಗೆ ತಿರುಗಿದ ಆ ಕಿವುಚಿದ ಮುಖ.

ಅವನು ಪಾಯಸ ಮುಟ್ಟಲಿಲ್ಲ. ಎದ್ದು ಹೊರಟ.

ಮೋಕ್ಷಿತಾ ಬೈಕಿನ ತನಕ ಓಡಿದಳು. "ಒಂದ್ನಿಮಿಷ! ನಿಮ್ಮತ್ರ ಒಂದು ಕೇಳ್ಲಿಕ್ಕಿತ್ತು. ನಾನು ನರ್ಸಿಂಗ್ ಸೇರ್ಬೇಕೂಂತಿದ್ದೇನೆ. ಜಿಎನ್ಎಂ ಒಳ್ಳೇದಾ, ಮುಂದಿನ ವರ್ಷ ಸಿಇಟಿ ಬರ್ದು ಬಿ.ಎಸ್ಸಿ. ನರ್ಸಿಂಗ್‌ಗೆ ಹೋಗೋದಾ?"

"ಯಾವ್ದೂ ಬೇಡ."

"ಅಂದ್ರೆ?"

"ಕೋರ್ಸ್ ಯಾವ್ದಾದ್ರೂ ಮಾಡ್ಬಹುದು ಮೇಡಂ. ಆದ್ರೆ ರೋಗಿ ಮೊದ್ಲು ನೋಡೋದು ನರ್ಸ್ ಮುಖ. ನಿಮ್ಮ ಮುಖ ಈ ಕೆಲಸಕ್ಕಲ್ಲ. ನಿಮಗೆ ಕಾಫಿಯೇ ಸರಿ. ಬೇಡದ್ದನ್ನ ಉಗುಳ್ಬಹುದು."

ಬೈಕ್ ಹೋಯಿತು. ಅವಳು ಗೇಟಿನಲ್ಲೇ ಕಲ್ಲಾಗಿ ನಿಂತಳು.

'ಬೇಡದ್ದನ್ನ ಉಗುಳ್ಬಹುದು... ಇವನೂ ಅಷ್ಟೇನಾ? ಆ ಗುಟ್ಕಾದವನ ಹಾಗೆ ಇವನೂ ನನ್ನ ಕಾಲ ಬಳಿ ಉಗುಳಿ ಹೋದನಲ್ಲಾ!' ಕೋಪಕ್ಕಿಂತ ಅವಮಾನ, ಅವಮಾನಕ್ಕಿಂತ ನೋವು. ನರ್ಸಿಂಗೂ ಬೇಡ, ಅವನೂ ಬೇಡ, ಏನೂ ಬೇಡ. ಕಣ್ಣೊರೆಸಿಕೊಂಡು ಒಳಗೆ ಬಂದಳು.

ಮರುದಿನ ಬೆಳಗ್ಗೆ ಅಜ್ಜನ ಚೀಲ ಕೆಂಪಾಗಿತ್ತು.

"ಮದ್ದು ಸೊಪ್ಪು!" ಅವ್ವ ನಕ್ಕಳು. "ಅಜ್ಜನದ್ದೇ ಎಲ್ಲರಿಗಿಂತ ಕೆಂಪು."

"ಎರಡು ಬಟ್ಟಲು ತಿಂದದ್ದಲ್ವಾ?" ಉಳಿದುಕೊಂಡಿದ್ದ ಅತ್ತೆ ಕಾಫಿ ಹೀರುತ್ತ ಹೇಳಿದಳು.

ಮೋಕ್ಷಿತಾಳೂ ನಗಬೇಕಿತ್ತು. ಬೆಳಗ್ಗೆ ಅವಳದೂ ಕೆಂಪೇ. ಆದರೆ ಅಜ್ಜ ನಗುತ್ತಿರಲಿಲ್ಲ. ಹಣೆಯಲ್ಲಿ ಬೆವರಿತ್ತು. ಇಷ್ಟವಿಲ್ಲದಿದ್ದರೂ ದಿಗಂತ್‌ಗೆ ಫೋನ್ ಮಾಡಿದಳು.

"ಆಟಿ ಹದಿನೆಂಟರ ಮರುದಿನ ಕೆಂಪಾಗ್ದೆ ಇನ್ನೇನಾಗ್ತದೆ?" ಅವನ ದನಿ ಒಣಗಿತ್ತು. "ನಮ್ಮ ವಾರ್ಡಲ್ಲೂ ಅರ್ಧ ಜನದ್ದು ಕೆಂಪೇ. ಗಾಬರಿ ಬೇಡ."

ಗಾಬರಿ ಬೇಡವಂತೆ! ಮಧ್ಯಾಹ್ನವಾಯಿತು. ಅಜ್ಜ ಊಟ ಬೇಡ ಎಂದ. ಹೊಟ್ಟೆ ಬಿಗಿ, ನೋವು ಎಂದು ನರಳಿದ. ಮದ್ದು ಸೊಪ್ಪು ತಿಂದರೆ ಹೊಟ್ಟೆ ಹಾಗೇ ಎಂದಳು ಅತ್ತೆ. ಚೀಲದ ಬಣ್ಣ ಇನ್ನಷ್ಟು ಗಾಢವಾಗಿತ್ತು.

ಬಣ್ಣ ಎಲ್ಲರಿಗೂ ಒಂದೇ. ಕಣ್ಣು ಮೋಸ ಹೋಗುತ್ತದೆ. ಹಾಗಾದರೆ...

ಮೋಕ್ಷಿತಾ ನೆಲದ ಮೇಲೆ ಕೂತು, ಚೀಲದ ಕೆಳಗಿನ ಮುಚ್ಚಳ ತೆಗೆದು, ಒಂದಿಷ್ಟನ್ನು ಹಳೆಯ ಡಬ್ಬಿಗೆ ಬಿಟ್ಟಳು. ಡಬ್ಬಿಯನ್ನು ಮುಖದ ಹತ್ತಿರ ತಂದಳು. ಕಾಫಿಗೆ ಹೇಗೆ ಮೂಗು ಇಳಿಸುತ್ತಿದ್ದಳೋ ಹಾಗೆಯೇ ಕಣ್ಣು ಮುಚ್ಚಿ, ಮೂಗು ಇಳಿಸಿ, ಆಳವಾಗಿ ಎಳೆದಳು.

"ಅಯ್ಯೋ! ಏನ್ ಮಾಡ್ತಿದ್ದೀ ಹೇಸಿಗೆಯವಳೇ!" ಬಾಗಿಲಲ್ಲಿ ಅತ್ತೆ ಕಿರುಚಿದಳು.

ಕರುಳೇ ಬಾಯಿಗೆ ಬಂದಂತಾಯಿತು. ಮೋಕ್ಷಿತಾ ನುಂಗಿಕೊಂಡಳು. ಮತ್ತೊಮ್ಮೆ ಎಳೆದಳು. ಮದ್ದು ಸೊಪ್ಪಿನ ಘಮಲು ಇತ್ತು, ಮೇಲೆ ಮೇಲೆ, ತೆಳ್ಳಗೆ. ಅದರ ಕೆಳಗೆ ತುಕ್ಕು ಹಿಡಿದ ಕಬ್ಬಿಣದ ವಾಸನೆ, ಹಸಿ ಮಾಂಸದ ಅಂಗಡಿಯ ವಾಸನೆ. ಡಬ್ಬಿ ಓರೆ ಮಾಡಿದಳು. ತಳದಲ್ಲಿ ಲೋಳೆಯ ಹಾಗೆ ಕಪ್ಪು ಚೂರುಗಳು ಜಾರಿದವು.

ದಿಗಂತ್‌ಗೆ ಮತ್ತೆ ಫೋನ್ ಮಾಡಿದಳು.

"ಇದು ಸೊಪ್ಪಲ್ಲ. ರಕ್ತ. ನಾನು ಮೂಸಿ ನೋಡಿದೆ."



"ಏನು... ನೋಡಿದ್ರಿ?"

"ಮೂಸಿದೆ! ಕಿವಿ ಕೇಳಲ್ವಾ? ಹೆಪ್ಪುಗಟ್ಟಿದ ಚೂರುಂಟು. ಹೊಟ್ಟೆ ಕಲ್ಲಾಗಿದೆ. ನನ್ನ ಮುಖದ ಬಗ್ಗೆ ಆಮೇಲೆ ಮಾತಾಡಿ, ಈಗ ಏನ್ ಮಾಡ್ಲಿ ಹೇಳಿ!"

"ಪಿಕಪ್ ಏನಾದ್ರೂ ಸಿಕ್ತದಾ ಅಲ್ಲಿ? ಹತ್ತಿಸಿ. ಈಗ್ಲೇ ತನ್ನಿ. ನಾನು ಗೇಟಲ್ಲೇ ಇರ್ತೇನೆ."

ಪಕ್ಕದ ತೋಟದವರ ಪಿಕಪ್‌ನಲ್ಲಿ ಹಾಸಿಗೆ ಸಮೇತ ಅಜ್ಜನನ್ನು ಮಲಗಿಸಿ ಮಡಿಕೇರಿಗೆ ತಂದರು. ದಿಗಂತ್ ಗೇಟಿನಲ್ಲೇ ಸ್ಟ್ರೆಚರ್ ಹಿಡಿದು ನಿಂತಿದ್ದ. ಡಾಕ್ಟರು ಒಳಗೆ ಕರೆದೊಯ್ದು, ಪೈಪ್ ಬದಲಿಸಿ, ಒಳಗೆ ಕಟ್ಟಿಕೊಂಡಿದ್ದ ರಕ್ತವನ್ನೆಲ್ಲ ತೊಳೆದು ತೆಗೆದರು. ಹೊರಗೆ ಬಂದು, "ನಾಳೆವರೆಗೆ ಕಾದಿದ್ರೆ ಕಷ್ಟ ಇತ್ತು," ಎಂದಷ್ಟೇ ಹೇಳಿ ಮುಂದಿನ ರೋಗಿಯ ಕಡೆ ಹೋದರು.

ಸಂಜೆಯ ಹೊತ್ತಿಗೆ ಅಜ್ಜನ ಬಾಯಿ ಮತ್ತೆ ಶುರುವಾಯಿತು.

"ಆ ಪೈಪು ಕರುವಿನ ಬಾಲದ ಹಾಗೆ ನೇತಾಡ್ತಿತ್ತು. ನಿನ್ನೆ ಪಾಯಸ ತಿಂದ ಮೇಲೆ ಸಿಟ್ಟು ಬಂತು, ಹಿಡ್ದು ಎಳ್ದೆ."

"ಅಜ್ಜಾ! ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಈ ಹೈದ ಬೈತಿದ್ದ," ಎಂದು ದಿಗಂತ್ ಕಡೆ ಗದ್ದ ಎತ್ತಿದ.

ಬಾಗಿಲ ಬಳಿ ದಮಯಂತಿ ಅತ್ತೆ ಸೆರಗು ಮೂಗಿಗೆ ಏರಿಸುತ್ತಿದ್ದಳು. ಅಜ್ಜ ಅವಳನ್ನೂ ಬಿಡಲಿಲ್ಲ. "ನೀ ಹೊರಗೇ ನಿಲ್ಲು ಮಗಳೇ, ಮೂಗಿಗೆ ಒಳ್ಳೆ ಗಾಳಿ ತಾಗ್ಲಿ. ನಂಗೆ ಈ ಗೂಡೆ ಸಾಕು." ಗೂಡೆ ಅಂದರೆ ಹುಡುಗಿ; ಅವನ ಕೈ ಮೊಮ್ಮಗಳ ಕೈ ಹಿಡಿದಿತ್ತು. ಅತ್ತೆ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋದಳು.

ವಾರ್ಡಿನ ಕೊನೆಯಲ್ಲಿ ಕೈ ತೊಳೆಯುವ ತೊಟ್ಟಿ. ಮೋಕ್ಷಿತಾ ಅಲ್ಲಿಗೆ ಬಂದಾಗ ದಿಗಂತ್ ಹಿಂದೆಯೇ ಬಂದ. 

"ತಪ್ಪಾಯ್ತು," ಅಂದ. "ಫೋನಲ್ಲಿ ಬೆಳಗ್ಗೆ ನಾನೂ ಸೊಪ್ಪು ಅಂದೆ. ಪೈಪ್ ಹಾಕಿದ ಪೇಶೆಂಟ್, ಬಂದು ನೋಡ್ಬೇಕಿತ್ತು. ನಿಮ್ಮ ಮೇಲಿನ ಸಿಟ್ಟಲ್ಲಿ ಬರ್ಲಿಲ್ಲ. ಅಜ್ಜನಿಗೆ ಏನಾದ್ರೂ ಆಗಿದ್ರೆ..." 

"ನನ್ನ ಮೇಲೆ ಎಂಥ ಸಿಟ್ಟು? ನಾನೇನ್ ಮಾಡ್ದೆ?"

"ಆ ದಿನ ನೀರು ಕೊಟ್ರೆ ಮುಖ ತಿರುಗಿಸಿದ್ರಿ. ನಿನ್ನೆ ಪಾಯಸದ ಹೊತ್ತಿಗೆ ನನ್ನ ನೋಡಿ ಮುಖ ಹೇಗೆ ಮಾಡಿದ್ರಿ ಗೊತ್ತುಂಟಾ?"

ಮೋಕ್ಷಿತಾ ಅವನತ್ತ ಪೂರ್ತಿ ತಿರುಗಿದಳು. "ನಿಮ್ಮನ್ನ ನೋಡಿಯಾ? ಅಯ್ಯೋ ದೇವರೇ! ಅತ್ತೆ ಕಾಗದದ ಲೋಟ ಇಟ್ಟದ್ದು ನೋಡಿ ಮಾರಾಯ್ರೆ! ಬೆರಳು ಒರೆಸಿಕೊಂಡ್ರಲ್ಲ, ಅದನ್ನ ನೋಡಿ! ಅವತ್ತಿನ ನೀರು... ಅದು ಸ್ಪಿರಿಟ್ ವಾಸನೆ. ನಿಮ್ಮದಲ್ಲ."

ದಿಗಂತ್ ತೊಟ್ಟಿಯ ಅಂಚು ಹಿಡಿದು ತಲೆ ತಗ್ಗಿಸಿದ.

"ಹೋದ ವರ್ಷ ಒಂದು ಸಂಬಂಧ ಕೂಡಿ ಬಂದಿತ್ತು," ಅಂದ ಮೆಲ್ಲಗೆ. "ಎಲ್ಲ ಒಪ್ಪಿದ್ರು. ಆ ಹುಡುಗಿ ಮಾತ್ರ ಹೇಳಿದ್ಳಂತೆ... ದಿನಾ ಅಷ್ಟು ಹೊಲಸು ಮುಟ್ಟಿದ ಕೈಯಲ್ಲಿ ತಾಳಿ ಕಟ್ಟಿಸ್ಕೊಳ್ಳೋದು ಹೇಗೆ ಅಂತ. ಆಮೇಲಿಂದ ಯಾರಾದ್ರೂ ಮೂಗು ಮುರಿದ್ರೆ ನಂಗೆ ಅದೇ ಕೇಳಿಸ್ತದೆ."

ತೊಟ್ಟಿಯ ಅಂಚು ಹಿಡಿದಿದ್ದ ಅವನ ಕೈಯತ್ತ ಅವಳ ಕಣ್ಣು ಹೋಯಿತು. 'ಈ ಕೈಯನ್ನಾ? ಅಜ್ಜನನ್ನು ಮಗುವಿನ ಹಾಗೆ ತಿರುಗಿಸಿ ಮಲಗಿಸುವ ಈ ಕೈಯನ್ನಾ?'

"ನಂಗೆ ಅಸಹ್ಯ ಆಗ್ತದೆ," ಅಂದಳು ನೇರವಾಗಿ. "ಸುಳ್ಳು ಹೇಳಲ್ಲ. ಇವತ್ತೂ ಆಯ್ತು. ಹಾಗಿದ್ರೆ ನಾನು ಈ ಕೆಲಸಕ್ಕೆ ಬರ್ಬಾರ್ದಾ?"

ದಿಗಂತ್ ಮೊದಲ ಬಾರಿ ಪೂರ್ತಿ ನಕ್ಕ. "ನಂಗೂ ಆಗ್ತದೆ. ಇಷ್ಟು ವರ್ಷ ಆದ್ರೂ ಆಗ್ತದೆ! ಮಾಸ್ಕ್ ಒಳಗೆ ನಾನು ಮಾಡುವ ಮುಖ ನೋಡಿದ್ರೆ ನೀವು ಹೆದರ್ತೀರಿ. ಆಗೋದು ತಪ್ಪಲ್ಲ. ಅದನ್ನ ರೋಗಿ ಕೈಗೆ ಕೊಡ್ಬಾರ್ದು, ಅಷ್ಟೇ. ಅದು ಕಲಿಯೋ ವಿದ್ಯೆ. ನಿನ್ನೆ ಗೇಟಲ್ಲಿ ನಾನು ಹೇಳಿದ್ದು ನರ್ಸ್ ಹೇಳಿದ್ದಲ್ಲ... ಪೆಟ್ಟು ತಿಂದ ಗಂಡಸು ಹೇಳಿದ್ದು."

"ಹಾಗಾದ್ರೆ ನರ್ಸ್ ಏನ್ ಹೇಳ್ತಾರೆ?"

"ನರ್ಸ್ ಹೇಳೋದು, ಈ ತಿಂಗಳೇ ಜಿಎನ್ಎಂ ಸೇರಿ. ಇನ್ನೊಂದು ವರ್ಷ ಸಿಇಟಿಗೆ ಕಾಯ್ಬೇಡಿ. ಪೇಶೆಂಟ್ ಹತ್ರ ಬೇಗ ನಿಲ್ತೀರಿ. ಡಿಗ್ರಿ ಬೇಕೂಂದ್ರೆ ಆಮೇಲೆ ಎರಡು ವರ್ಷ ಓದಿ ಬಿ.ಎಸ್ಸಿ. ನರ್ಸಿಂಗ್ ಮಾಡ್ಕೊಳ್ಳಿ. ಮಕ್ಕಳ ಜೊತೆ ಕೂರ್ಲಿಕ್ಕೆ ನಾಚಿಕೆ ಆಗ್ತದಾ?"

"ಮೂಸಿ ನೋಡಿದವಳಿಗೆ ಎಂಥ ನಾಚಿಕೆ!" ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ಸೇರ್ತೇನೆ. ಕ್ಯೂರಿಂಗ್ ವರ್ಕ್ಸ್‌ಗೆ ಸೋಮವಾರವೇ ಹೇಳ್ತೇನೆ. ಮತ್ತೆ... ಆ ಗಂಡಸು ಏನ್ ಹೇಳ್ತಾರೆ?"

ದಿಗಂತ್ ಕೆಂಪಾದ. ಬಾಯಿ ಬಿಡಲು ಒದ್ದಾಡಿದ. "ಅವ್ನು... ಮೂರು ವರ್ಷ ಕಾಯ್ತಾನೆ. ನೀವು ಹೂಂ ಅಂದ್ರೆ." ಮಾತು ಮುಗಿಸಲಾಗದೆ ಕೈ ಮುಂದೆ ಚಾಚಿದ.

ಮೋಕ್ಷಿತಾ ಆ ಕೈ ನೋಡಿದಳು. ಮೂಗು ಸಿಂಡರಿಸಿದಳು.

"ಮೊದ್ಲು ಕೈ ತೊಳ್ಕೊಳ್ಳಿ. ಈಗಷ್ಟೇ ಅಜ್ಜನ ಚೀಲ ಖಾಲಿ ಮಾಡಿದ್ದು ನಾನು ನೋಡಿದ್ದೇನೆ."

"ನೀವೂ ತೊಳ್ಕೊಳ್ಳಿ. ಹಾಗಲ್ಲ... ಹೀಗೆ. ಬೆರಳ ಸಂದಿ. ಹೆಬ್ಬೆರಳು. ಉಗುರಿನ ಒಳಗೆ. ಇದು ಮೊದಲನೇ ಪಾಠ."

ಒಂದೇ ನಲ್ಲಿಯ ಕೆಳಗೆ ನಾಲ್ಕು ಕೈ, ಒಂದೇ ಸೋಪಿನ ನೊರೆ. ಯಾರ ಬೆರಳು ಯಾರದೆಂದು ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ನೀರು ನಿಂತ ಮೇಲೂ ಬೆರಳುಗಳು ಬಿಡಲಿಲ್ಲ.

"ಟವೆಲ್ ಉಂಟಲ್ಲ ಅಲ್ಲಿ," ಅಂದಳು ಮೆಲ್ಲಗೆ.

"ಛೀ, ಅದನ್ನ ಮುಟ್ಬೇಡಿ. ಇಡೀ ವಾರ್ಡ್ ಒರೆಸಿದೆ. ಕೈ ತಾನಾಗೇ ಒಣಗ್ಬೇಕು."

"ಅಲ್ಲಿವರೆಗೆ?"

"ಹೀಗೇ ಹಿಡ್ಕೊಂಡಿರಿ."